ಗಂಡಕಿ ಬಯಲಿನ ಸುಣ್ಣಮಣ್ಣು: ಭೂಗೋಳ ಶಿಕ್ಷಕರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳ ಭೂಗೋಳ ಶಿಕ್ಷಕರಿಗೆ,



ಉತ್ತರ ಬಿಹಾರದ ಗಂಡಕಿ ಮತ್ತು ಬೂಢಿ ಗಂಡಕ್ ನದಿಗಳ ನೆರೆಬಯಲಿನಲ್ಲಿ ಹರಡಿಕೊಂಡಿರುವುದು ಸುಣ್ಣ ಬೆರೆತ ಗೋಡುಮಣ್ಣು. ಪೂರ್ವ ಮತ್ತು ಪಶ್ಚಿಮ ಚಂಪಾರಣ್, ಗೋಪಾಲ್‌ಗಂಜ್, ಸಿವಾನ್, ಸಾರಣ್, ಮುಜಫ್ಫರ್‌ಪುರ, ವೈಶಾಲಿ, ಸಮಸ್ತಿಪುರ ಜಿಲ್ಲೆಗಳ ಬಹುಪಾಲು ಹೊಲಗಳು ಇದರ ಮೇಲೆಯೇ ಇವೆ. ಈ ಮಣ್ಣಿನ ತೂಕದಲ್ಲಿ ನೂರಕ್ಕೆ ಹತ್ತು ಪಾಲಿನಿಂದ ಹಿಡಿದು ಕೆಲವೆಡೆ ನಲವತ್ತು ಪಾಲಿನವರೆಗೂ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಪುಡಿ ಇರುತ್ತದೆ. ಬಿಹಾರದ ರೈತರು ಇದರ ಮರಳು ಬೆರೆತ ಬಗೆಯನ್ನು ಬಲ್‌ಸುಂದರಿ ಎನ್ನುತ್ತಾರೆ. ಪಕ್ಕದ ಉತ್ತರ ಪ್ರದೇಶದ ಕುಶೀನಗರ, ದೇವರಿಯಾ ಕಡೆ ಇದಕ್ಕೆ ಭಾಟ್ ಎಂಬ ಹೆಸರಿದೆ. ಕರ್ನಾಟಕದ ಶಾಲೆಗಳ ನಕಾಶೆಯಲ್ಲಿ ಮಾತ್ರ ಪಂಜಾಬಿನಿಂದ ಬಂಗಾಳದವರೆಗೆ ಒಂದೇ ಬಣ್ಣ, ಒಂದೇ ಹೆಸರು: ಮೆಕ್ಕಲು ಮಣ್ಣು. ಗುಣವೂ ಒಂದೇ: ಬಹಳ ಫಲವತ್ತಾದುದು. ಆ ಒಂದು ಸಾಲು ಬಿಟ್ಟುಬಿಡುವ ಸಂಗತಿಗಳು ಈ ಪತ್ರದ ವಿಷಯ.

ಆ ಸಾಲಿಗೂ ಒಂದು ಚರಿತ್ರೆ ಇದೆ. 1893ರಲ್ಲಿ ಕೃಷಿ ರಸಾಯನಜ್ಞ ವೋಲ್ಕರ್, 1898ರಲ್ಲಿ ಜಾನ್ ವಾಲ್ಟರ್ ಲೆದರ್ ಭಾರತದ ಮಣ್ಣುಗಳನ್ನು ನಾಲ್ಕು ಗುಂಪು ಮಾಡಿದರು: ಸಿಂಧೂ-ಗಂಗಾ ಬಯಲಿನ ಮೆಕ್ಕಲು, ಹತ್ತಿ ಬೆಳೆಯುವ ಕಪ್ಪು ಮಣ್ಣು, ಕೆಂಪು ಮಣ್ಣು, ಜಂಬಿಟ್ಟಿಗೆ. 1953ರಲ್ಲಿ ಅಖಿಲ ಭಾರತ ಮಣ್ಣು ಸಮೀಕ್ಷಾ ಸಮಿತಿ ಅದನ್ನು ಎಂಟಕ್ಕೆ ಹಿಗ್ಗಿಸಿತು. ಇಂದಿಗೂ ಮಕ್ಕಳು ಬಾಯಿಪಾಠ ಮಾಡುವ ಪಟ್ಟಿ ಹೆಚ್ಚುಕಡಿಮೆ ಇದೇ. ಇಡೀ ದೇಶವನ್ನು ಒಂದು ನೋಟಕ್ಕೆ ಹಿಡಿಯಲು ಹೊರಟಾಗ ಆ ಪಟ್ಟಿ ತಕ್ಕದ್ದೇ ಆಗಿತ್ತು. ಹೊಲವೊಂದರ ಅಂಚಿನಲ್ಲಿ ನಿಂತಾಗ ಅದು ಸಾಲದು. ಇದು ಹತ್ತಿರದಿಂದ ತಿಳಿದದ್ದೂ ಲೆದರ್‌ಗೇ ಇರಬೇಕು. ಏಕೆಂದರೆ ಸಾಮ್ರಾಜ್ಯದ ಕೃಷಿ ರಸಾಯನಜ್ಞನಾಗಿ ಅವರು ಮುಂದೆ ಕೆಲಸ ಮಾಡಿದ್ದು ಸಮಸ್ತಿಪುರದ ಪೂಸಾದಲ್ಲಿ, ಈ ಸುಣ್ಣಮಣ್ಣಿನ ನಟ್ಟನಡುವೆ.

ಪೂಸಾ ಎಂದರೆ ಈಗ ನೆನಪಾಗುವುದು ದೆಹಲಿ. ಮೂಲ ಪೂಸಾ ಬೂಢಿ ಗಂಡಕ್ ದಂಡೆಯ ಊರು. ಅಮೆರಿಕದ ಹೆನ್ರಿ ಫಿಪ್ಸ್ ಕೊಟ್ಟ ದೇಣಿಗೆಯ ನೆರವಿನಿಂದ ವೈಸ್‌ರಾಯ್ ಕರ್ಜನ್ ಕಾಲದಲ್ಲಿ, 1905ರಲ್ಲಿ ಅಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಹುಟ್ಟಿತು. ಆಲ್ಬರ್ಟ್ ಹೊವಾರ್ಡ್ ಮತ್ತು ಗೇಬ್ರಿಯೆಲ್ ಹೊವಾರ್ಡ್ ದಂಪತಿ ಗೋಧಿ ತಳಿಗಳನ್ನು ಬೆಳೆಸಿದ್ದು ಅಲ್ಲಿಯ ಹೊಲಗಳಲ್ಲಿ. 1908ರಲ್ಲಿ ಅಲ್ಲಿ ದೀರ್ಘಾವಧಿಯ ಗೊಬ್ಬರ ಪ್ರಯೋಗವೂ ಶುರುವಾಯಿತು. 1934ರ ಜನವರಿ 15ರ ಭೂಕಂಪದಲ್ಲಿ ಸಂಸ್ಥೆಯ ಕಟ್ಟಡ ನೆಲಕಚ್ಚಿತು. 1936ರಲ್ಲಿ ಸಂಸ್ಥೆ ದೆಹಲಿಗೆ ಹೋಯಿತು, ಹೆಸರನ್ನೂ ಜೊತೆಗೇ ಒಯ್ದಿತು. ಹಳೆಯ ಪೂಸಾದಲ್ಲಿ ಈಗ ಡಾ. ರಾಜೇಂದ್ರ ಪ್ರಸಾದ್ ಕೇಂದ್ರೀಯ ಕೃಷಿ ವಿಶ್ವವಿದ್ಯಾಲಯವಿದೆ. ಸುಣ್ಣಮಣ್ಣಿನ ಬಗ್ಗೆ ಭಾರತದಲ್ಲಿ ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಒಂದು ಊರಿನ ನೆಲದಿಂದ ಬಂದದ್ದು.

ಇನ್ನು ಸುಣ್ಣದ ಮೂಲ. ಗಂಡಕಿಯ ಹೆಸರು ಕನ್ನಡದ ಮನೆಗಳಿಗೆ ಸಾಲಿಗ್ರಾಮದ ಮೂಲಕ ಪರಿಚಿತ. ದೇವರ ಪೆಟ್ಟಿಗೆಯಲ್ಲಿರುವ ಚಕ್ರದ ಗುರುತಿನ ಕರಿಕಲ್ಲು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಅದು ಸಿಗುವುದು ನೇಪಾಳದ ಮುಕ್ತಿನಾಥದ ಸುತ್ತ, ಕಾಳಿ ಗಂಡಕಿಯ ಪಾತ್ರದಲ್ಲಿ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ತಳದಲ್ಲಿ ಕೆಸರು ಗಟ್ಟಿಯಾಗಿ ಜೇಡಿಶಿಲೆಯಾಯಿತು, ಚಿಪ್ಪು ಮತ್ತು ಸುಣ್ಣ ಸೇರಿ ಸುಣ್ಣಕಲ್ಲಾಯಿತು. ನದಿ ಧವಳಗಿರಿ ಮತ್ತು ಅನ್ನಪೂರ್ಣಾ ಶಿಖರಗಳ ನಡುವಿನ ಕಮರಿಯನ್ನು ದಾಟಿ ಇಳಿದ ಮೇಲೆ, ಕಿರು ಹಿಮಾಲಯದ ಇನ್ನೂ ಹಳೆಯ ಡಾಲಮೈಟ್ ಮತ್ತು ಸುಣ್ಣಕಲ್ಲಿನ ಸಾಲುಗಳನ್ನು ಕೊರೆಯುತ್ತದೆ. ಈ ಎಲ್ಲ ಕಲ್ಲಿನ ಪುಡಿ, ನೇಪಾಳದಲ್ಲಿ ನಾರಾಯಣಿ ಎನಿಸಿಕೊಳ್ಳುವ ಈ ನದಿಯ ಹರಿವಿನಲ್ಲಿ ಸೇರಿ, ವಾಲ್ಮೀಕಿನಗರದ ಬಳಿ ಭಾರತಕ್ಕೆ ಇಳಿದು, ಬೀಸಣಿಗೆಯಾಕಾರದ ಬಯಲಾಗಿ ಹರಡಿದೆ. ಗಂಗೆಯನ್ನು ನದಿ ಸೇರುವುದು ಸೋನ್‌ಪುರ-ಹಾಜಿಪುರದ ನಡುವೆ, ಪಟ್ನಾ ನಗರದ ಎದುರು ದಡದಲ್ಲಿ.

ಆದ್ದರಿಂದ ಇಲ್ಲಿನ ಸುಣ್ಣ ಬಹುಮಟ್ಟಿಗೆ ಬೆಟ್ಟದಿಂದ ಬಳುವಳಿಯಾಗಿ ಬಂದದ್ದು. ಮಣ್ಣು ತನ್ನೊಳಗೆ ತಾನೇ ಅದನ್ನು ಹುಟ್ಟಿಸಿಕೊಂಡಿಲ್ಲ. ವಿಜಯಪುರ, ಕಲಬುರಗಿಯ ಎರೆ ಹೊಲಗಳಲ್ಲೂ ಸುಣ್ಣ ಇದೆ, ಆದರೆ ಅದರ ಕಥೆ ಬೇರೆ. ಅಲ್ಲಿ ಕಪ್ಪುಶಿಲೆ ಸವೆದು ಬಿಡುಗಡೆಯಾದ ಕ್ಯಾಲ್ಸಿಯಂ, ಕಡಿಮೆ ಮಳೆಯಲ್ಲಿ ಕೆಳಕ್ಕೆ ಬಸಿದುಹೋಗಲಾರದೆ, ಕೆಳಪದರಗಳಲ್ಲಿ ಹರಳುಗಟ್ಟುತ್ತದೆ. ನೇಗಿಲಿಗೆ ಬಿಳಿಯ ಗಂಟುಗಳು ಸಿಗುತ್ತವೆ. ಗಂಡಕಿ ಬಯಲಿನ ಎಳೆಯ ಮಣ್ಣಿನಲ್ಲಿ ಸುಣ್ಣ ಕಣ್ಣಿಗೆ ಬೀಳುವುದೇ ಇಲ್ಲ. ಅದು ಪುಡಿಯಾಗಿ, ಮೇಲಿಂದ ಕೆಳಗಿನವರೆಗೂ ಕಣಕಣದಲ್ಲಿ ಬೆರೆತಿರುತ್ತದೆ. ಮಳೆ ವರ್ಷಕ್ಕೆ ಸುಮಾರು 1,200 ಮಿ.ಮೀ. ಬೀಳುತ್ತದಾದ್ದರಿಂದ ಸಾವಿರಾರು ವರ್ಷ ಬಿಟ್ಟರೆ ಈ ಸುಣ್ಣವೂ ಕರಗಿ ಕೆಳಗಿಳಿಯುತ್ತದೆ. ನೆರೆ ಮುಟ್ಟದ ಎತ್ತರದ ಹಳೆಯ ಬಾಂಗರ್ ಭೂಮಿಯಲ್ಲಿ ಆದದ್ದು ಅದೇ: ಮೇಲೆ ಸುಣ್ಣ ಕಡಿಮೆ, ಕೆಳಗೆ ಕಂಕರ ಕಲ್ಲು. ತಗ್ಗಿನ ಖಾದರ್‌ನಲ್ಲಿ ಅಷ್ಟು ಕಾಲ ಸಿಕ್ಕಿಲ್ಲ; ನೆರೆ ಮತ್ತೆ ಮತ್ತೆ ಹೊಸ ಪದರ ಹಾಸಿದೆ.

ಪೂರ್ವಕ್ಕೆ ಹೋಗಿ ಕೋಸಿ ನದಿಯ ಬಯಲು ಹೊಕ್ಕರೆ ಚಿತ್ರ ಬದಲಾಗುತ್ತದೆ. ಸಹರ್ಸಾ, ಪೂರ್ಣಿಯಾ ಕಡೆಯ ಮಣ್ಣೂ ಮೆಕ್ಕಲೇ, ಹಿಮಾಲಯದಿಂದಲೇ ಬಂದದ್ದು, ಅದೇ ಮಳೆಯಲ್ಲಿ ನೆನೆದದ್ದು. ಅಲ್ಲಿ ಸುಣ್ಣ ಮಾತ್ರ ಬಹುತೇಕ ಇಲ್ಲ. ಕೋಸಿ ಹೊತ್ತು ತರುವುದು ಹೆಚ್ಚಾಗಿ ನೈಸ್, ಗ್ರಾನೈಟ್ ಜಾತಿಯ ಕಲ್ಲಿನ ಮರಳು. ಅಕ್ಕಪಕ್ಕದ ಎರಡು ನದಿಗಳು, ಒಂದೇ ರಾಜ್ಯ, ಒಂದೇ ಹವೆ, ಎರಡು ಬಗೆಯ ಮಣ್ಣು. ಮೆಕ್ಕಲು ಮಣ್ಣಿನ ಗುಣವನ್ನು ನಿರ್ಧರಿಸುವುದು ಅದು ಬಿದ್ದ ಬಯಲಿಗಿಂತ ಮಿಗಿಲಾಗಿ ಅದು ಎದ್ದು ಬಂದ ಬೆಟ್ಟ ಎಂಬುದಕ್ಕೆ ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಒಂದೇ ನದಿಯ ಬಯಲಿನೊಳಗೂ ಮಣ್ಣು ಒಂದೇ ಸಮ ಇರುವುದಿಲ್ಲ. ನೆರೆನೀರು ದಡ ಮೀರಿದ ಕ್ಷಣದಲ್ಲೇ ಅದರ ವೇಗ ಕುಸಿಯುತ್ತದೆ, ದಪ್ಪ ಕಣಗಳು ಮೊದಲು ಬೀಳುತ್ತವೆ. ಹಾಗಾಗಿ ದಡಕ್ಕಂಟಿದ ಏರುನೆಲದಲ್ಲಿ ಮರಳು ಹೆಚ್ಚು, ಅದರಾಚೆ ಹೂಳು ಹೆಚ್ಚಿದ ಗೋಡುಮಣ್ಣು, ಇನ್ನೂ ಆಚೆಯ ತಗ್ಗಿನಲ್ಲಿ ಜೇಡಿ. ಈ ತಗ್ಗುಗಳಿಗೆ ಅಲ್ಲಿ ಚೌರ್ ಎನ್ನುತ್ತಾರೆ. ಮಳೆಗಾಲ ಮುಗಿದು ತಿಂಗಳುಗಳಾದರೂ ನೀರು ನಿಂತಿರುತ್ತದೆ. ನದಿಯ ಎರಡು ಕವಲುಗಳ ನಡುವೆ ಎದ್ದು ಮುಳುಗುವ ನೆಲಕ್ಕೆ ದಿಯಾರಾ ಎಂದು ಹೆಸರು. ಏರಿನಿಂದ ಚೌರ್‌ವರೆಗಿನ ಒಂದೆರಡು ಕಿಲೋಮೀಟರ್ ನಡಿಗೆಯಲ್ಲಿ ಕಲ್ಲಂಗಡಿ ಹೊಲ, ಮೆಕ್ಕೆಜೋಳದ ಹೊಲ, ಭತ್ತದ ಗದ್ದೆ ಒಂದಾದ ಮೇಲೊಂದು ಬರುವುದುಂಟು.

ಗೋಡುಮಣ್ಣಿನ ಹೊಲವೊಂದರಲ್ಲಿ ಆಳುದ್ದ ಗುಂಡಿ ತೋಡಿ ಬಿಸಿಲು ಬೀಳುವ ಬದಿಯನ್ನು ಚಾಕುವಿನಿಂದ ಕೆರೆದು ನೋಡಿದರೆ ಮಣ್ಣಿನ ಚರಿತ್ರೆ ಎದುರಿಗಿರುತ್ತದೆ. ಮೇಲಿನ 15-20 ಸೆಂ.ಮೀ. ಉಳುಮೆಯ ಪದರ: ಮಾಸಿದ ಬೂದಿ-ಕಂದು ಬಣ್ಣ, ಒಣಗಿದಾಗ ಬಿಳಚು, ಬೇರುಗಳ ಜಾಲ, ಎರೆಹುಳುವಿನ ಹಿಕ್ಕೆ. ಅದರ ತಳದಲ್ಲಿ ನೇಗಿಲು ಒತ್ತಿ ಬಿಗಿಯಾದ ಒಂದು ತೆಳು ಹಾಸು. ಇನ್ನೂ ಕೆಳಗೆ ನೆರೆಯ ಸಾಲುಗಳು: ಎರಡು ಬೆರಳು ನಯ ಮರಳು, ಒಂದು ಬೆರಳು ಹೂಳು, ಮತ್ತೆ ಮರಳು. ಅಭ್ರಕದ ಚೂರುಗಳು ಮಿನುಗುತ್ತವೆ. ಅಲ್ಲಲ್ಲಿ ಬಸವನಹುಳುವಿನ ಪುಡಿಚಿಪ್ಪು. ನಡುವೆ ಎಲ್ಲೋ ಒಂದು ಕಡೆ ಬಣ್ಣ ಮತ್ತೆ ತುಸು ಕಪ್ಪಾಗುತ್ತದೆ. ಅದು ಹಿಂದೊಮ್ಮೆ ಮೇಲ್ಮಣ್ಣಾಗಿದ್ದು ಯಾವುದೋ ದೊಡ್ಡ ನೆರೆಯಲ್ಲಿ ಹೂತುಹೋದ ನೆಲ. ಒಂದು ಮೀಟರಿನಾಚೆ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ: ಅಂತರ್ಜಲ ಏರಿ ಇಳಿಯುವ ಮಟ್ಟದ ಗುರುತು. ಕೆಂಪು ಮಣ್ಣಿನ ಗುಂಡಿಯಲ್ಲಿ ಕಾಣುವ ಜೇಡಿ ಕೂಡಿದ ಗಟ್ಟಿ ಕೆಳಪದರ ಇಲ್ಲಿಲ್ಲ. ಇದು ಎಳೆಯ ಮಣ್ಣು. ಇದರ ಪದರಗಳನ್ನು ಹಾಕಿದ್ದು ನದಿ, ಮಣ್ಣು ಇನ್ನೂ ತನ್ನದೆಂಬ ಪದರ ಕಟ್ಟಿಕೊಂಡಿಲ್ಲ.

ಕಣಗಾತ್ರದ ಲೆಕ್ಕದಲ್ಲಿ 2 ಮಿ.ಮೀ.ನಿಂದ 0.05 ಮಿ.ಮೀ.ವರೆಗಿನದು ಮರಳು, ಅಲ್ಲಿಂದ 0.002 ಮಿ.ಮೀ.ವರೆಗೆ ಹೂಳು, ಅದಕ್ಕಿಂತ ಸಣ್ಣದು ಜೇಡಿ. ಜೇಡಿ ಶೇ 7ರಿಂದ 27, ಹೂಳು ಶೇ 28ರಿಂದ 50, ಮರಳು ಶೇ 52ಕ್ಕಿಂತ ಕಡಿಮೆ ಇದ್ದರೆ ಅದು ಗೋಡುಮಣ್ಣು. ಹೂಳು ಶೇ 50 ದಾಟಿದರೆ ಹೂಳುಗೋಡು. ಪ್ರಯೋಗಾಲಯ ಇಲ್ಲದೆಯೂ ಇದನ್ನು ಅಂದಾಜು ಮಾಡಬಹುದು. ಹಿಡಿ ಮಣ್ಣನ್ನು ನೀರು ಹಾಕಿ ಕಲಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತುತ್ತ ಹೋದರೆ, ಗೋಡುಮಣ್ಣಿನ ಪಟ್ಟಿ ಸುಮಾರು 2.5 ಸೆಂ.ಮೀ. ಆಗುವ ಮೊದಲೇ ಮುರಿದು ಬೀಳುತ್ತದೆ. ಮರಳು ಉರುಟಾಗಿ ಕೈಗೆ ತಗಲುತ್ತದೆ, ಹೂಳು ಮೈದಾ ಹಿಟ್ಟಿನಂತೆ ನುಣುಪು, ಜೇಡಿ ಅಂಟು. ಗಂಡಕಿಯ ಮಣ್ಣಿನಲ್ಲಿ ಒಂದು ತೊಡಕಿದೆ: ಸುಣ್ಣದ ಪುಡಿಯೂ ಹೂಳಿನ, ಕೆಲವೊಮ್ಮೆ ಜೇಡಿಯ ಗಾತ್ರದ್ದೇ. ಅದು ಜೇಡಿಯ ಕಣದಷ್ಟು ಸಣ್ಣದಿದ್ದರೂ ಜೇಡಿಯಂತೆ ಪೋಷಕಾಂಶ ಹಿಡಿದಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಅಮೆರಿಕದ ವರ್ಗೀಕರಣ ಪದ್ಧತಿಯಲ್ಲಿ ಜೇಡಿಗಾತ್ರದ ಸುಣ್ಣವನ್ನು ಹೂಳಿನ ಲೆಕ್ಕಕ್ಕೇ ಸೇರಿಸಬೇಕೆಂಬ ನಿಯಮವಿದೆ.

ಸುಣ್ಣದ ಪರೀಕ್ಷೆ ಸುಲಭ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ತೊಟ್ಟು ಬಿಟ್ಟರೆ ಮಣ್ಣು ಬುಸುಗುಟ್ಟುತ್ತದೆ. ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ನೊರೆಯಾಗಿ ಏಳುವುದೇ ಆ ಸದ್ದು. ಎಷ್ಟು ಹೊತ್ತು, ಎಷ್ಟು ಜೋರು ಎಂಬುದರ ಮೇಲೆ ಸುಣ್ಣದ ಪ್ರಮಾಣವನ್ನು ಒರಟಾಗಿ ಊಹಿಸಬಹುದು. ಡಾಲಮೈಟ್ ಮಾತ್ರ ತಣ್ಣನೆಯ ಆಮ್ಲಕ್ಕೆ ನಿಧಾನವಾಗಿ ಸ್ಪಂದಿಸುತ್ತದೆ. ಪುಡಿ ಮಾಡಿ ಅಥವಾ ಬಿಸಿ ಮಾಡಿ ನೋಡಬೇಕು. ಗಂಡಕಿಯ ಮಣ್ಣಿನಲ್ಲಿ ಡಾಲಮೈಟ್ ಸಹ ಇರುವುದರಿಂದ ಬುಸುಗುಟ್ಟುವುದು ಬೇಗ ನಿಂತಿತೆಂದು ಸುಣ್ಣ ಕಡಿಮೆ ಎನ್ನಲಾಗದು.

ಇಂಥ ಮಣ್ಣಿನ ರಸಸಾರ ಸಾಮಾನ್ಯವಾಗಿ 7.5ರಿಂದ 8.5ರೊಳಗೆ ನಿಲ್ಲುತ್ತದೆ. ಗಾಳಿಯೊಡನೆ ಸಮತೋಲದಲ್ಲಿರುವ ಸುಣ್ಣದ ನೀರಿನ ರಸಸಾರ 8.3ರ ಆಸುಪಾಸು. ಬೇರು ಮತ್ತು ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ಮಣ್ಣಿನೊಳಗೆ ಅದನ್ನು ಇನ್ನೂ ತಗ್ಗಿಸುತ್ತದೆ. ಸುಣ್ಣ ಒಂದರಿಂದಲೇ ರಸಸಾರ 9 ಮುಟ್ಟುವುದಿಲ್ಲ. ವರದಿಯಲ್ಲಿ 8.5ಕ್ಕಿಂತ ಮೇಲಿನ ಅಂಕಿ ಕಂಡರೆ ಸೋಡಿಯಂ ಸೇರಿದೆ ಎಂದು ಅನುಮಾನಿಸಬೇಕು.

ಇಲ್ಲಿ ಪಠ್ಯಗಳೂ ಸಲಹೆಗಾರರೂ ಎಡವುವುದುಂಟು. ಸುಣ್ಣಮಣ್ಣನ್ನು ಕರಲು ಮಣ್ಣಿನೊಡನೆ ಒಂದೇ ಬುಟ್ಟಿಗೆ ಹಾಕಿ "ಕ್ಷಾರೀಯ" ಎಂದು ಬರೆದುಬಿಡುತ್ತಾರೆ, ಪರಿಹಾರವಾಗಿ ಜಿಪ್ಸಂ ಸೂಚಿಸುತ್ತಾರೆ. ಕರಲು ಮಣ್ಣಿನಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರಗೆ ತಳ್ಳುತ್ತದೆ. ಸುಣ್ಣಮಣ್ಣಿನಲ್ಲಿ ತಳ್ಳಲು ಸೋಡಿಯಂ ಇಲ್ಲ. ಕ್ಯಾಲ್ಸಿಯಂ ಆಗಲೇ ಬೇಕಾದ್ದಕ್ಕಿಂತ ಹೆಚ್ಚು. ಗಂಧಕ ಹಾಕಿ ಸುಣ್ಣವನ್ನೇ ಕರಗಿಸುವ ಸಲಹೆಯೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಹೆಕ್ಟೇರಿನ ಉಳುಮೆಯ ಪದರದ ಮಣ್ಣು ಸುಮಾರು 22 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಶೇ 1ರಷ್ಟು ಸುಣ್ಣ ಎಂದರೆ 22 ಟನ್. ಅಷ್ಟನ್ನು ಕರಗಿಸಲು 7 ಟನ್ ಗಂಧಕ ಬೇಕು. ಪೂಸಾದ ಸುತ್ತಮುತ್ತ ಇರುವಂತೆ ಸುಣ್ಣ ಶೇ 30 ಇದ್ದರೆ 200 ಟನ್‌ಗೂ ಮಿಕ್ಕಿ ಬೇಕಾಗುತ್ತದೆ. ಯಾವ ರೈತನೂ ಅದನ್ನು ಮಾಡಲಾರ, ಮಾಡಬೇಕಾಗಿಯೂ ಇಲ್ಲ. ಸಾಲಿನಲ್ಲಿ ಬೇರಿನ ಪಕ್ಕ ಬೀಳುವ ಸ್ವಲ್ಪ ಗಂಧಕ, ಅಮೋನಿಯಂ ಸಲ್ಫೇಟ್ ಅಥವಾ ಕೊಟ್ಟಿಗೆ ಗೊಬ್ಬರ ಆ ಒಂದಿಷ್ಟು ಜಾಗದ ರಸಸಾರವನ್ನು ತಗ್ಗಿಸಿದರೆ ಬೆಳೆಗೆ ಅದೇ ಸಾಕು.

ಸುಣ್ಣದ ನಿಜವಾದ ತೊಂದರೆ ಇರುವುದು ಪೋಷಕಾಂಶಗಳನ್ನು ಅದು ಬೀಗ ಹಾಕಿಡುವುದರಲ್ಲಿ. ಹಾಕಿದ ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ದಿನ ಕಳೆದಂತೆ ಹೆಚ್ಚು ಹೆಚ್ಚು ಕರಗದ ರೂಪ ತಾಳುತ್ತದೆ. ಕೊನೆಯ ರೂಪ ಅಪಟೈಟ್, ಮೂಳೆಯಲ್ಲಿರುವ ಖನಿಜದ ಜಾತಿಯದ್ದು. ಆದ್ದರಿಂದ ಇಂಥ ಮಣ್ಣಿನಲ್ಲಿ ಲಭ್ಯ ರಂಜಕವನ್ನು ಅಳೆಯಲು ಆಮ್ಲದ ದ್ರಾವಣ ಬಳಸಬಾರದು. ಸುಣ್ಣವೇ ಆಮ್ಲವನ್ನು ಕುಡಿದುಬಿಡುತ್ತದೆ. 1954ರಲ್ಲಿ ಓಲ್ಸನ್ ಮತ್ತು ಸಂಗಡಿಗರು ರೂಪಿಸಿದ ಸೋಡಿಯಂ ಬೈಕಾರ್ಬೊನೇಟ್ ವಿಧಾನ ಇದಕ್ಕೆಂದೇ ಇದೆ. ಸತುವಿನ ಸ್ಥಿತಿ ಇನ್ನೂ ಕಷ್ಟ: ರಸಸಾರ ಒಂದು ಅಂಕ ಏರಿದರೆ ಅದರ ಕರಗುವಿಕೆ ನೂರು ಪಟ್ಟು ಕುಸಿಯುತ್ತದೆ. ನಾಟಿ ಮಾಡಿ ಎರಡು ಮೂರು ವಾರವಾದ ಭತ್ತದ ಎಲೆಗಳಲ್ಲಿ ತುಕ್ಕಿನ ಬಣ್ಣದ ಮಚ್ಚೆ ಎದ್ದು ಪೈರು ಕುಗ್ಗುವ ಖೈರಾ ರೋಗಕ್ಕೆ ಸತುವಿನ ಕೊರತೆ ಕಾರಣವೆಂದು 1966ರಲ್ಲಿ ಪಂತ್‌ನಗರದಲ್ಲಿ ವೈ.ಎಲ್. ನೆನೆ ತೋರಿಸಿಕೊಟ್ಟರು. ಅದಕ್ಕೆ ಮದ್ದು ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್, ಇಲ್ಲವೇ ಎಲೆಗೆ ಸಿಂಪಡಣೆ. ಕಬ್ಬಿಣದ ಕೊರತೆ ಎಳೆಯ ಎಲೆಗಳ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗುವುದರಲ್ಲಿ ಕಾಣುತ್ತದೆ. ಉತ್ತರ ಕರ್ನಾಟಕದ ಸುಣ್ಣ ತುಂಬಿದ ಎರೆಯಲ್ಲಿ ಕಬ್ಬು, ಶೇಂಗಾ ಬೆಳೆದವರಿಗೆ ಈ ಹಳದಿ ಹೊಸದಲ್ಲ. ಬೋರಾನ್ ಕೊರತೆಯೂ ಉಂಟು. ಮೇಲೆ ಚೆಲ್ಲಿ ಹಾಗೆಯೇ ಬಿಟ್ಟ ಯೂರಿಯಾದ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಣ್ಣಿನಲ್ಲಿ ಮುಚ್ಚಿದರೆ ಆ ನಷ್ಟ ತಗ್ಗುತ್ತದೆ.

ಇದೇ ರಸಾಯನಕ್ಕೆ ಇನ್ನೊಂದು ಮುಖವೂ ಇದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳಿಗೆ ಹುಳಿ ಆಗದು, ಸುಣ್ಣ ಹಿತ. ಹಳ್ಳಿಗಳ ಸುತ್ತ ದನದ ಗಂಜಲ, ಕಸ, ಒಲೆಯ ಬೂದಿ ಬಿದ್ದ ಜಾಗದಲ್ಲಿ ಬೇಸಿಗೆಯ ಬಿಸಿಲಿಗೆ ನೆಲದ ಮೇಲೆ ಬೆಳ್ಳಗೆ ಉಪ್ಪು ಮೂಡುತ್ತಿತ್ತು. ನೋನಿಯಾ ಸಮುದಾಯದವರು ಅದನ್ನು ಕೆರೆದು, ನೀರಿನಲ್ಲಿ ಬಸಿದು, ಕಾಯಿಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. 17 ಮತ್ತು 18ನೇ ಶತಮಾನಗಳಲ್ಲಿ ಡಚ್ಚರೂ ಇಂಗ್ಲಿಷರೂ ಪಟ್ನಾದಲ್ಲಿ ಕೋಠಿ ಕಟ್ಟಿ ಕೂತದ್ದಕ್ಕೆ ಈ ಪೆಟ್ಲುಪ್ಪಿನ ವ್ಯಾಪಾರ ದೊಡ್ಡ ಕಾರಣ. ಯುರೋಪಿನ ಯುದ್ಧಗಳ ಮದ್ದಿನಪುಡಿಗೆ ಬಿಹಾರದ ನೆಲ ಕೊಟ್ಟ ಕಾಣಿಕೆ ಸಣ್ಣದಲ್ಲ. ಚಂಪಾರಣ್ ಎಂದೊಡನೆ 1917ರ ಸತ್ಯಾಗ್ರಹ ಮತ್ತು ನೀಲಿ ಬೆಳೆ ಪಾಠಕ್ಕೆ ಬರುತ್ತವೆ. ಆ ನೀಲಿ ಬೆಳೆದದ್ದೂ ಈ ಮಣ್ಣಿನಲ್ಲೇ.

ಭೌತಿಕ ಗುಣಗಳಲ್ಲಿ ಈ ಮಣ್ಣಿಗೆ ಒಳ್ಳೆಯ ಅಂಕ ಕೊಡಬೇಕು. ಆಳ ಧಾರಾಳ, ಕಲ್ಲಿಲ್ಲ, ಬೇರಿಗೆ ತಡೆಯಿಲ್ಲ. ಹೂಳು ಹೆಚ್ಚಿರುವುದರಿಂದ ಒಂದು ಮೀಟರ್ ಆಳದ ಮಣ್ಣು ಬೆಳೆಗೆ ಸಿಗುವಂಥ 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ಮುಂಗಾರು ಮುಗಿದ ಮೇಲೂ ಕೆಳಗಿನಿಂದ ತೇವ ಏರಿಬರುತ್ತದೆ. ಸಮಸ್ತಿಪುರ, ಬೇಗೂಸರಾಯ್, ಖಗಡಿಯಾ ಕಡೆಯ ಹಿಂಗಾರು ಮೆಕ್ಕೆಜೋಳದ ಹುಲುಸಿಗೆ ಈ ತೇವವೇ ಬೆನ್ನೆಲುಬು. ಕೆಟ್ಟ ಗುಣವೂ ಒಂದಿದೆ: ಸಾವಯವ ಅಂಶ ಕಡಿಮೆ. ಜಡಿಮಳೆಗೆ ಮೇಲ್ಮೈ ಕಲಸಿ, ಒಣಗಿ ಚಿಪ್ಪುಗಟ್ಟುತ್ತದೆ. ಮೊಳಕೆ ಅದನ್ನು ಒಡೆದು ಬರಲು ಹೆಣಗುತ್ತದೆ.

ಲಿಚಿಯ ವಿಷಯ ಇನ್ನೂ ಸ್ವಾರಸ್ಯದ್ದು. ತೋಟಗಾರಿಕೆಯ ಪುಸ್ತಕಗಳು ಆ ಗಿಡಕ್ಕೆ ತುಸು ಹುಳಿಮಣ್ಣು ಇಷ್ಟ ಎನ್ನುತ್ತವೆ. ಆದರೆ ದೇಶದ ಹೆಸರಾಂತ ಲಿಚಿ ಬೆಳೆಯುವುದು ಮುಜಫ್ಫರ್‌ಪುರದ ಸುಣ್ಣಮಣ್ಣಿನಲ್ಲಿ. ಅಲ್ಲಿನ ಶಾಹಿ ಲಿಚಿಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ; ರಾಷ್ಟ್ರೀಯ ಲಿಚಿ ಸಂಶೋಧನಾ ಕೇಂದ್ರವೂ ಅದೇ ಊರಿನಲ್ಲಿದೆ. ಲಿಚಿಯ ಬೇರಿನೊಡನೆ ಬಾಳುವ ಶಿಲೀಂಧ್ರವೊಂದು ಪೋಷಕಾಂಶ ಹೀರಲು ನೆರವಾಗುತ್ತದೆ. ಹೊಸ ಸಸಿ ನೆಡುವಾಗ ಹಳೆಯ ಮರದ ಬುಡದ ಮಣ್ಣನ್ನು ಗುಂಡಿಗೆ ಬೆರೆಸುವ ರೂಢಿಯ ಹಿಂದಿನ ಗುಟ್ಟು ಅದು. ಮಣ್ಣಿಗೂ ಬೆಳೆಗೂ ಇರುವ ನಂಟನ್ನು ರಸಸಾರದ ಪಟ್ಟಿಯೊಂದೇ ಹೇಳಿಬಿಡುವುದಿಲ್ಲ.

ಈಗ ವರ್ಗೀಕರಣ. ಅಮೆರಿಕದ ಕೃಷಿ ಇಲಾಖೆ, ಗೈ ಸ್ಮಿತ್ ಅವರ ಮುಂದಾಳುತನದಲ್ಲಿ ಹಲವು ಕರಡುಗಳ ನಂತರ 1975ರಲ್ಲಿ ಪ್ರಕಟಿಸಿದ ಸಾಯಿಲ್ ಟ್ಯಾಕ್ಸಾನಮಿ ಪದ್ಧತಿಯನ್ನೇ ಭಾರತದ ಸಮೀಕ್ಷೆಗಳೂ ಬಳಸುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ವರದಿಗಳಲ್ಲಿ ಕಾಣುವುದು ಈ ಹೆಸರುಗಳೇ. ಗಂಡಕಿ ಬಯಲಿನ ಎಳೆಯ ಗೋಡುಮಣ್ಣಿನ ಪೂರ್ಣ ಹೆಸರು ಹೀಗಿರುತ್ತದೆ: ಕೋರ್ಸ್-ಲೋಮಿ, ಮಿಕ್ಸೆಡ್, ಕ್ಯಾಲ್ಕೇರಿಯಸ್, ಹೈಪರ್‌ಥರ್ಮಿಕ್ ಟಿಪಿಕ್ ಉಸ್ಟಿಫ್ಲುವೆಂಟ್ಸ್. ಬಾಯಿಗೆ ಒರಟು, ಆದರೆ ಒಂದೊಂದು ತುಂಡಿಗೂ ಅಳತೆಗೋಲಿದೆ.

ಹೆಸರನ್ನು ಹಿಂದಿನಿಂದ ಓದಬೇಕು. ಕೊನೆಯ "ಎಂಟ್" ಎಂಟಿಸಾಲ್ ಎಂಬ ಗಣವನ್ನು ಸೂಚಿಸುತ್ತದೆ: ಹನ್ನೆರಡು ಗಣಗಳಲ್ಲಿ ಅತ್ಯಂತ ಎಳೆಯದು, ಸ್ವಂತ ಕೆಳಪದರ ಇನ್ನೂ ಬೆಳೆಯದ ಮಣ್ಣು. "ಫ್ಲುವ್" ಎಂದರೆ ನದಿ ಹಾಸಿದ್ದು. ಇದಕ್ಕೆ ಪುರಾವೆ ಸಾವಯವ ಇಂಗಾಲ. ಸಾಮಾನ್ಯ ಮಣ್ಣಿನಲ್ಲಿ ಆಳಕ್ಕೆ ಹೋದಂತೆ ಅದು ಒಂದೇ ಸಮ ಇಳಿಯುತ್ತದೆ. ಇಲ್ಲಿ ಹೂತುಹೋದ ಹಳೆಯ ಮೇಲ್ಮಣ್ಣುಗಳಿಂದಾಗಿ ಏರಿಳಿಯುತ್ತದೆ, ಇಲ್ಲವೇ 125 ಸೆಂ.ಮೀ. ಆಳದಲ್ಲೂ ಶೇ 0.2ಕ್ಕೆ ಕಡಿಮೆಯಿಲ್ಲದಂತೆ ಉಳಿದಿರುತ್ತದೆ. "ಉಸ್ಟಿ" ಎಂದರೆ ಬೆಳೆಗಾಲದಲ್ಲಿ ಹಸಿ, ವರ್ಷದಲ್ಲಿ ಒಟ್ಟು ತೊಂಬತ್ತು ದಿನವಾದರೂ ಒಣ. "ಟಿಪಿಕ್" ಎಂದರೆ ಗುಂಪಿನ ಸಾಮಾನ್ಯ ಮಾದರಿ; ಮೇಲಿನ ಪದರಗಳಲ್ಲೇ ನೀರು ನಿಂತ ಗುರುತು ಸಿಕ್ಕರೆ ಅದರ ಜಾಗಕ್ಕೆ "ಆಕ್ವಿಕ್" ಬರುತ್ತದೆ.

ಮುಂದಿನ ಭಾಗ ಕುಟುಂಬದ ಹೆಸರು, ರೈತನಿಗೆ ಹೆಚ್ಚು ಹತ್ತಿರದ್ದು. "ಕೋರ್ಸ್-ಲೋಮಿ": 25ರಿಂದ 100 ಸೆಂ.ಮೀ. ನಡುವಿನ ಮಣ್ಣಿನಲ್ಲಿ ಜೇಡಿ ಶೇ 18ಕ್ಕಿಂತ ಕಡಿಮೆ, ನಯ ಮರಳು ಮತ್ತು ಅದಕ್ಕಿಂತ ದಪ್ಪ ಕಣ ಶೇ 15 ಅಥವಾ ಹೆಚ್ಚು. ಜೇಡಿ 18 ದಾಟಿ 35ರೊಳಗಿದ್ದರೆ "ಫೈನ್-ಲೋಮಿ". ದಪ್ಪ ಕಣ ಶೇ 15ಕ್ಕಿಂತ ಕೆಳಗಿಳಿದರೆ "ಕೋರ್ಸ್-ಸಿಲ್ಟಿ". "ಮಿಕ್ಸೆಡ್": ಯಾವ ಒಂದು ಖನಿಜವೂ ಮೇಲುಗೈ ಪಡೆದಿಲ್ಲ. "ಕ್ಯಾಲ್ಕೇರಿಯಸ್": 25ರಿಂದ 50 ಸೆಂ.ಮೀ. ನಡುವೆ ಎಲ್ಲ ಕಡೆಯೂ ತಣ್ಣನೆಯ ದುರ್ಬಲ ಆಮ್ಲಕ್ಕೆ ಮಣ್ಣು ಬುಸುಗುಟ್ಟಬೇಕು. ಅಷ್ಟೊಂದು ಸಂಕೀರ್ಣ ಪದ್ಧತಿಯೊಳಗೆ ಒಂದು ತೊಟ್ಟು ಆಮ್ಲದ ಪರೀಕ್ಷೆ ಹಾಗೆಯೇ ಉಳಿದುಕೊಂಡಿರುವುದು ಗಮನಿಸಬೇಕಾದ ಮಾತು. ಸುಣ್ಣ ಶೇ 40 ಮೀರಿದರೆ "ಮಿಕ್ಸೆಡ್" ಹೋಗಿ "ಕಾರ್ಬೊನ್ಯಾಟಿಕ್" ಆಗುತ್ತದೆ. ಹೀಗಾಗಿ ಅಕ್ಕಪಕ್ಕದ ಎರಡು ಹೊಲಗಳೂ ಬೇರೆ ಬೇರೆ ಕುಟುಂಬಕ್ಕೆ ಸೇರಬಹುದು. "ಹೈಪರ್‌ಥರ್ಮಿಕ್": 50 ಸೆಂ.ಮೀ. ಆಳದಲ್ಲಿ ಮಣ್ಣಿನ ವಾರ್ಷಿಕ ಸರಾಸರಿ ಉಷ್ಣತೆ 22 ಡಿಗ್ರಿ ಅಥವಾ ಹೆಚ್ಚು, ಬೇಸಿಗೆಗೂ ಚಳಿಗಾಲಕ್ಕೂ 6 ಡಿಗ್ರಿ ಅಥವಾ ಅದಕ್ಕೂ ಮಿಗಿಲಾದ ಅಂತರ. ದಕ್ಷಿಣ ಕರ್ನಾಟಕದ ಕೆಂಪು ಮಣ್ಣಿನ ಹೆಸರಿನಲ್ಲಿ ಈ ಜಾಗದಲ್ಲಿ "ಐಸೊಹೈಪರ್‌ಥರ್ಮಿಕ್" ಎಂದಿರುತ್ತದೆ. ಬಿಸಿ ಕರ್ನಾಟಕದಲ್ಲೂ ಇದೆ. ಬಿಹಾರದ ಕೊರೆಯುವ ಚಳಿ ಇಲ್ಲ.

ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಇನ್ನೊಂದು ಪದ್ಧತಿ, 1998ರಲ್ಲಿ ಮೊದಲು ಬಂದು 2022ರಲ್ಲಿ ನಾಲ್ಕನೇ ಆವೃತ್ತಿ ಕಂಡ ವರ್ಲ್ಡ್ ರೆಫರೆನ್ಸ್ ಬೇಸ್, ಇದೇ ಮಣ್ಣನ್ನು ಚುಟುಕಾಗಿ ಕ್ಯಾಲ್ಕೇರಿಕ್ ಫ್ಲುವಿಸಾಲ್ ಎನ್ನುತ್ತದೆ. ಅಲ್ಲಿ ಸುಣ್ಣಕ್ಕೆ ಕನಿಷ್ಠ ಮಿತಿ ಶೇ 2.

ಮಣ್ಣು ಬದಲಾದರೆ ಹೆಸರೂ ಬದಲಾಗುತ್ತದೆ. ನೆರೆ ತಪ್ಪಿದ ಏರುನೆಲದಲ್ಲಿ ಉಳುಮೆ, ಬೇರು, ಎರೆಹುಳು ಸೇರಿ ನದಿಯ ಸಾಲುಗಳನ್ನು ಕಲಸಿ ಅಳಿಸಿ, ಕೆಳಗೆ ಮಣ್ಣಿನದೇ ಆದ ಒಂದು ಪದರ ಮೂಡಿದರೆ ಅದು ಎಂಟಿಸಾಲ್ ಗಣ ಬಿಟ್ಟು ಇನ್ಸೆಪ್ಟಿಸಾಲ್ ಗಣಕ್ಕೆ ದಾಟುತ್ತದೆ. ಹಳೆಯ ವರದಿಗಳಲ್ಲಿ ಉಸ್ಟೊಕ್ರೆಪ್ಟ್ಸ್ ಎಂದು ಕಾಣುವ ಗುಂಪು ಇದೇ. 1999ರ ಎರಡನೇ ಆವೃತ್ತಿಯ ನಂತರ ಆ ಹೆಸರು ಕೈಬಿಟ್ಟು ಹಾಪ್ಲುಸ್ಟೆಪ್ಟ್ಸ್ ಎಂಬಂಥ ಹೆಸರುಗಳು ಬಂದಿವೆ. ಮೇಲಿನಿಂದ ಕರಗಿ ಇಳಿದ ಸುಣ್ಣ ಕೆಳಗೆ ದಪ್ಪ ಪದರವಾಗಿ ಕೂಡಿದ್ದರೆ ಕ್ಯಾಲ್ಸಿಉಸ್ಟೆಪ್ಟ್ಸ್. ಗಂಡಕಿ ಬಯಲಿನಲ್ಲಿ ಈ ಎಲ್ಲ ಹಂತಗಳೂ ಅಕ್ಕಪಕ್ಕ ಸಿಗುತ್ತವೆ.

ಮನುಷ್ಯನೂ ಈ ಬದಲಾವಣೆಗೆ ಕೈಹಾಕಿದ್ದಾನೆ. 1954ರಲ್ಲಿ ಬಿಹಾರದ ನದಿಗಳಿಗೆ ಸುಮಾರು 160 ಕಿ.ಮೀ. ಒಡ್ಡುಗಳಿದ್ದವು, ಈಗ ಅವು 3,000 ಕಿ.ಮೀ. ದಾಟಿವೆ. ಒಡ್ಡಿನ ಹೊರಗೆ ಉಳಿದ ಹೊಲಕ್ಕೆ ಹೊಸ ಹೂಳು ಬರುವುದು ನಿಂತಿದೆ. ಅಲ್ಲಿನ ನೆರೆಮಣ್ಣು ಇನ್ನು ಮುಂದೆ ನೆರೆ ಕಾಣದ ನೆರೆಮಣ್ಣು. 1959ರ ಭಾರತ-ನೇಪಾಳ ಒಪ್ಪಂದದಂತೆ ಕಟ್ಟಿದ ವಾಲ್ಮೀಕಿನಗರದ ಬ್ಯಾರೇಜಿನ ಕಾಲುವೆಗಳು ಕೆಲವೆಡೆ ಅಂತರ್ಜಲವನ್ನು ಮೇಲೆತ್ತಿವೆ. ಕೃಷ್ಣಾ, ತುಂಗಭದ್ರಾ ಅಚ್ಚುಕಟ್ಟಿನವರು ಸವಳು-ಜವಳು ಎಂದು ಕರೆಯುವ ಸ್ಥಿತಿ ಅಲ್ಲಿಯೂ ತಲೆಹಾಕಿದೆ. ಅಂಥ ಕಡೆ ಸುಣ್ಣಮಣ್ಣಿಗೆ ಉಪ್ಪಿನ ಕಾಟವೂ ಸೇರುತ್ತದೆ. ಆಗ ಮಾತ್ರ ಬಸಿಗಾಲುವೆ, ಜಿಪ್ಸಂಗಳ ಮಾತು ಪ್ರಸ್ತುತವಾಗುತ್ತದೆ, ಅದೂ ಪರೀಕ್ಷೆ ನೋಡಿದ ಮೇಲೆ.

ಮೆಕ್ಕಲು ಮಣ್ಣಿನ ಪಾಠ ಬಂದ ದಿನ ಶಿಕ್ಷಕರು ಗಂಗಾ ಬಯಲಿನ ನಕಾಶೆಯಲ್ಲಿ ಗಂಡಕಿ ಮತ್ತು ಕೋಸಿ ಎರಡು ನದಿಗಳನ್ನಾದರೂ ಬೇರೆ ಬಣ್ಣದಲ್ಲಿ ಗುರುತಿಸಲಿ. ಶಾಲೆಯ ರಸಾಯನ ಪ್ರಯೋಗಾಲಯದಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಇದ್ದೇ ಇರುತ್ತದೆ. ಮಕ್ಕಳು ತಮ್ಮ ಊರಿನ ಹೊಲ, ಹಳ್ಳದ ದಂಡೆ, ಕೆರೆಯಂಗಳದ ಮಣ್ಣನ್ನು ಪೊಟ್ಟಣ ಕಟ್ಟಿ ತರಲಿ, ಶಿಕ್ಷಕರ ಕಣ್ಣೆದುರು ಒಂದೊಂದು ತೊಟ್ಟು ಬಿಟ್ಟು ನೋಡಲಿ. ವಿಜಯಪುರದ ಎರೆ ಬುಸುಗುಟ್ಟುತ್ತದೆ, ಮಲೆನಾಡಿನ ಜಂಬಿಟ್ಟಿಗೆ ಸುಮ್ಮನಿರುತ್ತದೆ. ಯಾವುದು ಏಕೆ ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲೂ ಕೇಳಲಿ.